ಮುಂಗಡದ ಮಾತಿಲ್ಲದ ಅರಿವು

ಜುಲೈ 30ರ ಮಾನವ ಕಳ್ಳಸಾಗಣೆ ವಿರೋಧಿ ದಿನದ ಅರಿವು ಕಾರ್ಯಕ್ರಮಗಳಿಗೆ ಒಂದು ಸಿದ್ಧ ಅಚ್ಚಿದೆ. ಸಸಿಗೆ ನೀರೆರೆದು ಉದ್ಘಾಟನೆ, ನ್ಯಾಯಾಧೀಶರ ಮಾತು, ಪೊಲೀಸರ ಎಚ್ಚರಿಕೆ, ಕೊನೆಗೆ ಪ್ರತಿಜ್ಞೆ. ಎದುರಿಗೆ ಸಮವಸ್ತ್ರದ ವಿದ್ಯಾರ್ಥಿನಿಯರು. ಇದೆಲ್ಲ ದಂಡ ಎನ್ನಲಾರೆ. 1098 ಎಂಬ ಮಕ್ಕಳ ಸಹಾಯವಾಣಿ ಸಂಖ್ಯೆ ಒಬ್ಬ ಹುಡುಗಿಯ ನೆನಪಿನಲ್ಲಿ ಉಳಿದರೂ ಒಂದು ಬಾಲ್ಯವಿವಾಹ ತಪ್ಪೀತು. ನನ್ನ ತಕರಾರಿರುವುದು ಅಲ್ಲಿ ಹೇಳುವ ಕಥೆಯ ಬಗ್ಗೆ. ಯಾರೋ ಅಪರಿಚಿತ ಬರುತ್ತಾನೆ, ಆಸೆ ತೋರಿಸುತ್ತಾನೆ, ದೂರದ ನಗರಕ್ಕೆ ಸಾಗಿಸುತ್ತಾನೆ ಎಂಬ ಕಥೆ ಅದು.

ಆದರೆ ಗುಂಡ್ಲುಪೇಟೆ, ಚಾಮರಾಜನಗರದ ಕಾಡಂಚಿನ ಆದಿವಾಸಿ ಹಾಡಿ, ಪೋಡುಗಳಿಗೆ ಬರುವ ಮೇಸ್ತ್ರಿ ಅಪರಿಚಿತನಲ್ಲ. ಕೊಡಗಿನ ಕಾಫಿ ಕೊಯ್ಲಿಗೋ ಶುಂಠಿ ಹೊಲಕ್ಕೋ ಆಳು ಬೇಕಾದಾಗ ಬರುತ್ತಾನೆ. ಮಗುವಿನ ಜ್ವರಕ್ಕೆ, ಮನೆಯ ಮದುವೆಗೆ ಮುಂಗಡ ಕೊಡುತ್ತಾನೆ. ಅವನ ಜೇಬಿನ ನೋಟ್‌ಬುಕ್ಕಿನಲ್ಲಿ ಮೊದಲು ಹೆಸರು, ಪಕ್ಕದಲ್ಲಿ ಮುಂಗಡ. ಆಮೇಲೆ ಅಕ್ಕಿ, ಎಲೆ-ಅಡಿಕೆ, ಮಾತ್ರೆ ಎಲ್ಲದಕ್ಕೂ ಲೆಕ್ಕ ಏರುತ್ತದೆ. ಕೂಲಿ ಎಷ್ಟು ಜಮೆಯಾಯಿತೆಂದು ಓದು ಬಾರದವರು ಕೇಳುವುದಾದರೂ ಹೇಗೆ? ಎಲ್ಲ ಮೇಸ್ತ್ರಿಗಳೂ ಕೆಟ್ಟವರಲ್ಲ, ಕೂಲಿಗೆ ಹೋಗುವುದೂ ತಪ್ಪಲ್ಲ. ಆದರೆ 'ಸಾಲ ತೀರುವ ತನಕ ಹೊರಡುವಂತಿಲ್ಲ' ಎಂದ ಗಳಿಗೆಯಿಂದ ಅದು ಜೀತ.

ಮದುವೆಯ ದಾರಿಯೂ ಇಂಥದ್ದೇ. ಗಡಿಯಾಚೆ ಕೇರಳದ ನಿಲಂಬೂರು ಕಡೆ 'ಮೈಸೂರು ಕಲ್ಯಾಣಂ' ಎಂದೇ ಹೆಸರಾದ ರೂಢಿಯಲ್ಲಿ, ವರದಕ್ಷಿಣೆ ಹೊಂದಿಸಲಾಗದ ಬಡ ಮುಸ್ಲಿಂ ಮನೆಗಳ ಹೆಣ್ಣುಮಕ್ಕಳನ್ನು ದಲ್ಲಾಳಿಗಳ ಮೂಲಕ ಮೈಸೂರು ಸೀಮೆಯ ವರರಿಗೆ ಕೊಟ್ಟರು. ಎಷ್ಟೋ ಮಂದಿ ಗಂಡ ಕೈಬಿಟ್ಟು ತವರಿಗೆ ಮರಳಿದರು. ಅಲ್ಲಿ ಅಪಹರಣ ಇರಲಿಲ್ಲ. ಹಿರಿಯರ ಒಪ್ಪಿಗೆ, ನಿಕಾಹ್, ಊಟ ಎಲ್ಲವೂ ಇತ್ತು.

ಒಪ್ಪಿಗೆಯ ಹೆಸರಿನಲ್ಲೂ ಕಳ್ಳಸಾಗಣೆ ನಡೆಯುತ್ತದೆ ಎಂಬುದು ಕಾನೂನಿಗೆ ಭಾಷಣಗಳಿಗಿಂತ ಚೆನ್ನಾಗಿ ಗೊತ್ತು. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲಿ ಆಮಿಷ, ವಂಚನೆಗಳೂ ಕಳ್ಳಸಾಗಣೆಯ ದಾರಿಗಳೇ. ಬಲಿಯಾದವರು ಒಪ್ಪಿದ್ದರೆಂಬ ನೆಪ ನಡೆಯದು. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ಜೀತದ ಸಾಲವನ್ನೇ ರದ್ದು ಮಾಡುತ್ತದೆ. ಅದು ಜೀತದ ಸಾಲವಲ್ಲ ಎಂದು ಸಾಬೀತುಪಡಿಸುವ ಹೊಣೆಯನ್ನು ಸಾಲ ಕೊಟ್ಟವನ ಮೇಲೇ ಹಾಕುತ್ತದೆ. ಹಾಡಿಯ ತಾಯಿಗೆ ಮೊದಲು ತಿಳಿಯಬೇಕಾದದ್ದು ಇದು. ಸಭಾಂಗಣದ ಭಾಷಣದಲ್ಲಿ ಮುಂಗಡದ ಮಾತೇ ಬರದಿದ್ದರೆ ಆ ಅರಿವು ಅರ್ಧಂಬರ್ಧ.

ಜುಲೈನ ಈ ಕಾರ್ಯಕ್ರಮಗಳ ಹೊತ್ತೂ ತಪ್ಪಿದೆ. ಕಾಫಿ ಕೊಯ್ಲು ಬಿರುಸಾಗುವುದು ನವೆಂಬರಿನ ನಂತರ. ಹಾಗಾಗಿ ಜಿಲ್ಲಾಡಳಿತದಲ್ಲಿ ನನ್ನ ಕೋರಿಕೆ ಇಷ್ಟು: ದೀಪಾವಳಿಗೆ ತುಸು ಮುಂಚೆ, ಜನ ಕೂಲಿಯಿಂದ ಮರಳಿದ ಸಂಜೆ, ಹಾಡಿಯ ಅಂಗಳದಲ್ಲೇ ಈ ಕಾರ್ಯಕ್ರಮ ನಡೆಸಿ. ಯಾರು, ಯಾವ ಮೇಸ್ತ್ರಿಯ ಜೊತೆ, ಯಾವ ತೋಟಕ್ಕೆ, ಎಷ್ಟು ಮುಂಗಡ ಪಡೆದು ಹೊರಟರು ಎಂಬುದನ್ನು ಗ್ರಾಮ ಪಂಚಾಯಿತಿಯ ಪುಸ್ತಕದಲ್ಲೂ ಬರೆಸಿ.