ಜಮಖಂಡಿಯ ಕಿತ್ತಳೆ ಗೆರೆ ಮತ್ತು ವಾಯುನೌಕೆಯ ಕಥನ

ವಾಯುನೌಕೆಗಳ ಬಗ್ಗೆ ಬರುವ ಬರಹಗಳಿಗೆ ಗೊತ್ತಿರುವುದು ಒಂದೇ ಕಾಲ, ಭವಿಷ್ಯತ್ಕಾಲ. ಅವು ಮರಳಿ ಬರಲಿವೆ, ಹೊಗೆಯಿಲ್ಲದೆ ಸರಕು ಸಾಗಿಸಲಿವೆ, ರಸ್ತೆಯೇ ಇಲ್ಲದ ಊರಿಗೆ ಇಡೀ ಆಸ್ಪತ್ರೆಯನ್ನು ಇಳಿಸಲಿವೆ. ಎರಡು ಮೂರು ವರ್ಷಕ್ಕೊಮ್ಮೆ ನಮ್ಮ ಪತ್ರಿಕೆಗಳ ವಿಜ್ಞಾನ ಪುಟದಲ್ಲಿ ಇಂಥದ್ದೊಂದು ಲೇಖನ ಬರುತ್ತದೆ. ಜತೆಗೆ ಹುಲ್ಲುಗಾವಲಿನ ಮೇಲೆ ತಿಮಿಂಗಿಲದಂತೆ ತೇಲುವ ಬೆಳ್ಳಗಿನ ನೌಕೆಯ ಚಿತ್ರ. ಕನ್ನಡದ ವಿಜ್ಞಾನ ಬರಹದ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಇವೆಲ್ಲ ಬಿಡಿ ಲೇಖನಗಳಾಗಿ ಕಾಣುವುದು ನಿಂತುಹೋಗಿದೆ. ಇದೊಂದು ಪ್ರಕಾರ. ಹರಿಕಥೆಗೆ ಇರುವಂತೆ ಇದಕ್ಕೂ ಪೀಠಿಕೆ ಇದೆ (1937ರ ಹಿಂಡನ್‌ಬರ್ಗ್ ಬೆಂಕಿ), ಮಧ್ಯದಲ್ಲೊಂದು ತಿರುವಿದೆ (ಈಗ ಸುಡುವ ಹೈಡ್ರೋಜನ್ ಇಲ್ಲ, ಸುಡದ ಹೀಲಿಯಂ ಇದೆ), ಕೊನೆಗೆ ಮಂಗಳವೂ ಇದೆ.

ಈ ಪ್ರಕಾರದ ಮೇಲೆ ನನಗಿರುವ ತಕರಾರು ಆ ನಡುವಿನ ವಾಕ್ಯದ ಬಗ್ಗೆ. ಹೀಲಿಯಂ ಅಲ್ಲಿ ಒಂದೇ ಸಾಲಿಗೆ ಬಂದು ಹೋಗುತ್ತದೆ, ಅಂಗಡಿಯಿಂದ ತಂದಷ್ಟು ಸುಲಭವಾಗಿ. ಕಥೆಯನ್ನು ಎತ್ತಿ ಹಿಡಿದಿರುವುದೇ ಅದು. ಎಲ್ಲಿಂದ ಬಂತು, ಎಷ್ಟಿದೆ, ಯಾರ ಕೈಯಲ್ಲಿದೆ ಎಂಬ ಪ್ರಶ್ನೆಗಳಿಗೆ ಮಾತ್ರ ಜಾಗವಿಲ್ಲ.

ಭವಿಷ್ಯತ್ಕಾಲದ ವಿಷಯ ಮೊದಲು ಮುಗಿಸುತ್ತೇನೆ. 1930ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಆರ್‌-101 ಎಂಬ ವಾಯುನೌಕೆ ಕಾರ್ಡಿಂಗ್ಟನ್‌ನಿಂದ ಹೊರಟಿದ್ದು ಕರಾಚಿಗೆ, ಅಂದರೆ ಆಗಿನ ಹಿಂದುಸ್ತಾನಕ್ಕೆ. ಸಾಮ್ರಾಜ್ಯವನ್ನು ಆಕಾಶಮಾರ್ಗದಲ್ಲಿ ಹೊಲಿಯುವ ಯೋಜನೆ ಅದು. ಅಕ್ಟೋಬರ್ 5ರ ನಸುಕಿನಲ್ಲಿ ಫ್ರಾನ್ಸಿನ ಬೋವೆ ಬಳಿ ನೆಲಕ್ಕಪ್ಪಳಿಸಿ ಉರಿಯಿತು. ಇದ್ದ 54 ಜನರಲ್ಲಿ 48 ಜನ ಸತ್ತರು. ಅದೇ ಕಾರ್ಡಿಂಗ್ಟನ್‌ನಿಂದ 2016ರ ಆಗಸ್ಟ್ 17ರಂದು 92 ಮೀಟರ್ ಉದ್ದದ ಏರ್‌ಲ್ಯಾಂಡರ್-10 ಮೇಲೆದ್ದಿತು. ಒಂದು ವಾರದ ನಂತರ, ಎರಡನೇ ಹಾರಾಟದಲ್ಲಿ, ಇಳಿಯುವಾಗ ಮೂಗು ಜಜ್ಜಿಕೊಂಡಿತು. ಜರ್ಮನಿಯ ಕಾರ್ಗೋಲಿಫ್ಟರ್ ಕಂಪನಿ 160 ಟನ್ ಹೊರುವ ನೌಕೆಗಾಗಿ 360 ಮೀಟರ್ ಉದ್ದದ ಶೆಡ್ ಕಟ್ಟಿತು, ನೌಕೆ ಕಟ್ಟುವ ಮೊದಲೇ 2002ರಲ್ಲಿ ದಿವಾಳಿಯಾಯಿತು. ಆ ಶೆಡ್‌ನಲ್ಲಿ ಈಗ ಕೃತಕ ಕಡಲತೀರವಿರುವ ಮನರಂಜನಾ ತಾಣವಿದೆ. ಅಮೆರಿಕದಲ್ಲಿ ಸರ್ಗೆ ಬ್ರಿನ್ ಹಣ ಹೂಡಿರುವ 124 ಮೀಟರ್‌ನ ಪಾತ್‌ಫೈಂಡರ್-1 ಹಾರಾಡುತ್ತಿರುವುದು ನಿಜ. ಜರ್ಮನಿಯಲ್ಲಿ ಝೆಪ್ಪೆಲಿನ್ ಎನ್‌ಟಿ ಪ್ರವಾಸಿಗರನ್ನು ಸುತ್ತಾಡಿಸುತ್ತಿರುವುದೂ ನಿಜ. ಆದರೂ ಸರಕು ಸಾಗಣೆಯ ವಾಕ್ಯಗಳೆಲ್ಲ ಇನ್ನೂ 'ಲಿದೆ'ಯಲ್ಲೇ ಮುಗಿಯುತ್ತಿವೆ.

ಇನ್ನು ಹೀಲಿಯಂ. ಇದರ ಹುಟ್ಟಿನ ಕಥೆಯನ್ನೂ ನಾವು ಇಷ್ಟೇ ಸಲೀಸಾಗಿ ಹೇಳಿಕೊಂಡು ಬಂದಿದ್ದೇವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದವರಿಗೆಲ್ಲ ಬಾಯಿಪಾಠ: 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದಂದು ಗುಂಟೂರಿನಲ್ಲಿ ಫ್ರಾನ್ಸಿನ ಜಾನ್‌ಸೆನ್ ಹೀಲಿಯಂ ಕಂಡುಹಿಡಿದ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಖಗೋಳವಿಜ್ಞಾನಿ ಬಿಮನ್ ನಾಥ್ ಅವರ 'ದ ಸ್ಟೋರಿ ಆಫ್ ಹೀಲಿಯಂ ಆ್ಯಂಡ್ ದ ಬರ್ತ್ ಆಫ್ ಆಸ್ಟ್ರೋಫಿಸಿಕ್ಸ್' ಈ ಬಾಯಿಪಾಠವನ್ನು ಬಿಚ್ಚಿ ನೋಡುವ ಪುಸ್ತಕ. ಜಾನ್‌ಸೆನ್ ಗುಂಟೂರಿನಲ್ಲಿ ಕಂಡುಕೊಂಡದ್ದು, ಗ್ರಹಣವಿಲ್ಲದ ದಿನವೂ ಸೂರ್ಯನ ಅಂಚಿನ ಜ್ವಾಲೆಗಳನ್ನು ರೋಹಿತದರ್ಶಕದಿಂದ ನೋಡುವ ವಿಧಾನವನ್ನು. ಲಂಡನ್ನಿನಲ್ಲಿ ನಾರ್ಮನ್ ಲಾಕಿಯರ್ ಅಕ್ಟೋಬರ್ 20ರಂದು ಅದನ್ನೇ ಸ್ವತಂತ್ರವಾಗಿ ಮಾಡಿದ. ಇಬ್ಬರ ಸುದ್ದಿಯೂ ಪ್ಯಾರಿಸ್ ಅಕಾಡೆಮಿಯನ್ನು ಮುಟ್ಟಿದ್ದು ಒಂದೇ ದಿನ. ಜಂಟಿ ಗೌರವ ಸಂದದ್ದು ಆ ವಿಧಾನಕ್ಕೆ. ಹೊಸ ಧಾತುವಿನ ಮಾತು ಆಮೇಲೆ ಬಂದದ್ದು, ಮುಖ್ಯವಾಗಿ ಲಾಕಿಯರ್‌ನಿಂದ. ಎರಡು ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟಿದ್ದು ನಂತರದ ಕಥೆಗಾರರು.

ಉತ್ತರ ಕರ್ನಾಟಕದ ಓದುಗರು ಈ ಕಥೆಯಲ್ಲಿ ನಿಲ್ಲಬೇಕಾದ ಜಾಗ ಬೇರೆಯೇ ಇದೆ. ಆ ಗ್ರಹಣದ ನೆರಳು ಗುಂಟೂರಿಗೆ ಹೋಗುವ ಮೊದಲು ನಮ್ಮ ಮೇಲೆ ಹಾದುಹೋಗಿತ್ತು. ಬಿಜಾಪುರದಲ್ಲಿ ಕ್ಯಾಪ್ಟನ್ ಹೇಗ್‌ನ ತಂಡವಿತ್ತು. ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಉಪಕರಣಗಳೊಂದಿಗೆ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಕಾದಿದ್ದ. ಯುರೇನಸ್ ಗ್ರಹವನ್ನು ಕಂಡ ವಿಲಿಯಂ ಹರ್ಷೆಲ್‌ನ ಮೊಮ್ಮಗ ಈತ, ಭೂಮಾಪನ ಇಲಾಖೆಯ ಎಂಜಿನಿಯರು. ಶ್ರಾವಣದ ಮೋಡ. ಇದ್ದ ಐದು ನಿಮಿಷದಲ್ಲಿ ಮೋಡ ಸರಿದಾಗಷ್ಟೇ ನೋಟ. ಆ ಬಿರುಕಿನಲ್ಲಿ ಅವನಿಗೆ ಮೂರು ಉಜ್ವಲ ಗೆರೆಗಳು ಕಂಡವು: ಕೆಂಪು, ಕಿತ್ತಳೆ, ನೀಲಿ. ಕಿತ್ತಳೆ ಗೆರೆ ಸೋಡಿಯಂನದೇ ಎಂದು ಅವನು ವರದಿ ಮಾಡಿದ. ತನ್ನ ಉಪಕರಣದ ಶಕ್ತಿಗೆ ನಿಲುಕಿದ ಮಟ್ಟಿಗೆ ಎಂಬ ಷರತ್ತನ್ನೂ ಸೇರಿಸಿದ.

ಅದು ಸೋಡಿಯಂ ಆಗಿರಲಿಲ್ಲ. ಒಲೆಯ ಉರಿಗೆ ಉಪ್ಪು ಬಿದ್ದಾಗ, ಹುಬ್ಬಳ್ಳಿಯ ಹಳೆಯ ಬೀದಿದೀಪಗಳಲ್ಲಿ ನಾವು ಕಂಡ ಹಳದಿ ಸೋಡಿಯಂನದು. ಅದರ ಜೋಡಿಗೆರೆ 589.0 ಮತ್ತು 589.6 ನ್ಯಾನೊಮೀಟರ್‌ನಲ್ಲಿದೆ. ಹೀಲಿಯಂನ ಗೆರೆ 587.6ರಲ್ಲಿ. ನಡುವಿನ ಅಂತರ ಒಂದೂವರೆ ನ್ಯಾನೊಮೀಟರ್. ಮೋಡದ ಬಿರುಕಿನಲ್ಲಿ, ಐದು ನಿಮಿಷದೊಳಗೆ, ಆ ಉಪಕರಣದಲ್ಲಿ ಇದನ್ನು ಬಿಡಿಸುವುದು ಸುಲಭದ ಮಾತಲ್ಲ. ಹಾಗಾಗಿ ಕಣ್ಣಿಗೆ ಹೊಸದು ಬಿತ್ತು, ಕೈ ಹಳೆಯ ಹೆಸರು ಬರೆಯಿತು. ವಿಮರ್ಶೆ ಓದುವ ನಮಗೆ ಇದು ಅಪರಿಚಿತ ಅನುಭವವಲ್ಲ. ಹೊಸ ಕವಿಯೊಬ್ಬ ಬಂದಾಗ ಪರಿಚಿತ ಪಂಥದ ಚೀಟಿ ಅಂಟಿಸುವ ಕೆಲಸವನ್ನು ನಾವು ಇದಕ್ಕಿಂತ ಒಳ್ಳೆಯ ಬೆಳಕಿನಲ್ಲಿ, ಇದಕ್ಕಿಂತ ಹೆಚ್ಚು ಸಮಯ ಇಟ್ಟುಕೊಂಡು ಮಾಡುತ್ತೇವೆ. ಹರ್ಷೆಲ್ ಹಾಕಿದ ಷರತ್ತನ್ನು ಮಾತ್ರ ಹಾಕುವುದಿಲ್ಲ.

ಈಗೊಂದು ಎಚ್ಚರಿಕೆ. ಇದನ್ನೆಲ್ಲ ಹೇಳಿದ ಕೂಡಲೇ ನಮ್ಮ ಕಡೆಯವರು, "ಹಂಗಾದ್ರ ಹೀಲಿಯಂ ಹುಟ್ಟಿದ್ದು ಗುಂಟೂರಾಗ ಅಲ್ಲ, ಜಮಖಂಡ್ಯಾಗ" ಎನ್ನುತ್ತಾರೆ. ಹಾಸ್ಟೆಲ್ಲಿನಲ್ಲಿ ಈಗಾಗಲೇ ಅಂದಿದ್ದಾರೆ. ದಯವಿಟ್ಟು ಬೇಡ. ಒಂದು ಬಾಯಿಪಾಠ ಅಳಿಸಿ ಅದರ ಜಾಗದಲ್ಲಿ ಇನ್ನೊಂದನ್ನು ಬರೆಯಲು ಇಷ್ಟು ಶ್ರಮ ಬೇಕಿಲ್ಲ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳ 'ವೈಮಾನಿಕ ಶಾಸ್ತ್ರ' 20ನೇ ಶತಮಾನದ ಆರಂಭಕ್ಕಿಂತ ಹಳೆಯದಲ್ಲ, ಅದರ ವಿಮಾನಗಳು ಹಾರಲಾರವು ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲೇ ತೋರಿಸಿಕೊಟ್ಟರೂ 'ಇಲ್ಲೇ ಹುಟ್ಟಿತ್ತು' ಎಂಬ ರುಚಿ ನಮ್ಮ ನಾಲಿಗೆಯಿಂದ ಹೋಗಿಲ್ಲ. ಜಮಖಂಡಿಯ ಮಹತ್ವ ಇರುವುದು ಆ ವರದಿಯಲ್ಲಿರುವ ಅನಿಶ್ಚಯದಲ್ಲಿ. ತೊಟ್ಟಿಲು ಕಟ್ಟಿದರೆ ಅದು ಮುಚ್ಚಿಹೋಗುತ್ತದೆ.

ಹೆಸರಿನ ಇನ್ನೊಂದು ತಮಾಷೆಯೂ ಇದೆ. ಗ್ರೀಕ್‌ನ ಸೂರ್ಯನಿಂದ 'ಹೀಲಿ' ಬಂತು. 'ಯಂ' ಬಂದದ್ದು ಸೋಡಿಯಂ, ಕ್ಯಾಲ್ಸಿಯಂಗಳ ಸಾಲಿನಿಂದ, ಇದೂ ಒಂದು ಲೋಹವೆಂಬ ಊಹೆಯಿಂದ. ಅದರ ನಿಜವಾದ ಬಂಧುಗಳ ಹೆಸರು ನಿಯಾನ್, ಆರ್ಗಾನ್. ಕನ್ನಡದಲ್ಲಿ 'ಹೀಲಿಯಂ' ಎಂದು ಬರೆಯುವಾಗಲೆಲ್ಲ ನಾವು ಆ ತಪ್ಪನ್ನೂ ಲಿಪ್ಯಂತರ ಮಾಡುತ್ತಿದ್ದೇವೆ.

1895ರಲ್ಲಿ ವಿಲಿಯಂ ರಾಮ್ಸೆ ಇದನ್ನು ಭೂಮಿಯ ಮೇಲೆ ಹಿಡಿದದ್ದು ಒಂದು ಕಲ್ಲಿನಿಂದ, ಯುರೇನಿಯಂ ಇರುವ ಕ್ಲೀವೈಟ್ ಎಂಬ ಖನಿಜದಿಂದ. ಸೂರ್ಯನ ಹೆಸರು ಹೊತ್ತದ್ದು ನೆಲದಡಿಯ ವಸ್ತುವಾಗಿತ್ತು. ಯುರೇನಿಯಂ, ಥೋರಿಯಂ ಒಡೆಯುವಾಗ ಹೊರಬೀಳುವ ಆಲ್ಫಾ ಕಣ ಎರಡು ಎಲೆಕ್ಟ್ರಾನ್ ಸೇರಿಸಿಕೊಂಡರೆ ಅದೇ ಹೀಲಿಯಂ. ಕೋಟ್ಯಂತರ ವರ್ಷ ಹೀಗೆ ತೊಟ್ಟಿಕ್ಕಿದ್ದು, ಮೇಲೆ ಬಿಗಿಯಾದ ಕಲ್ಲಿನ ಮುಚ್ಚಳವಿದ್ದಲ್ಲಿ, ನೈಸರ್ಗಿಕ ಅನಿಲದ ಜೊತೆ ಸಿಕ್ಕಿಕೊಂಡು ಉಳಿಯುತ್ತದೆ. ಮುಚ್ಚಳವಿಲ್ಲದಿದ್ದರೆ ಸೋರಿ ಗಾಳಿ ಸೇರುತ್ತದೆ, ಕೊನೆಗೆ ಭೂಮಿಯನ್ನೇ ಬಿಟ್ಟು ಹೋಗುತ್ತದೆ. ಭೂವಿಜ್ಞಾನಿಗಳು 'ಧಾರವಾಡ ಕ್ರೇಟಾನ್' ಎಂದು ನಮ್ಮೂರ ಹೆಸರಿನಿಂದಲೇ ಕರೆಯುವ ಶಿಲಾಭೂಮಿಯ ಬಹುಪಾಲು 250 ಕೋಟಿ ವರ್ಷಕ್ಕಿಂತ ಹಳೆಯದು. ಅದರೊಳಗೂ ಹೀಲಿಯಂ ಹುಟ್ಟುತ್ತಲೇ ಇದೆ. ನಮ್ಮ ಕಾಲಡಿಯಲ್ಲಿ ಹುಟ್ಟಿ, ನಮಗೆ ಸಿಗದೆ, ಮೇಲೆ ಹೋಗುತ್ತಿದೆ.

ಅಮೆರಿಕದ ಕ್ಯಾನ್ಸಸ್ ರಾಜ್ಯದ ಡೆಕ್ಸ್ಟರ್ ಎಂಬ ಊರಿನಲ್ಲಿ ಮುಚ್ಚಳವಿತ್ತು. 1903ರಲ್ಲಿ ಅಲ್ಲಿ ಅನಿಲದ ಬಾವಿ ಸಿಕ್ಕಿತೆಂದು ಜನ ಜಾತ್ರೆ ಮಾಡಿ, ಉರಿಯುವ ಹುಲ್ಲಿನ ಹೊರೆಯನ್ನು ಅದರತ್ತ ತಳ್ಳಿದರು. ಬೆಂಕಿ ಆರಿಹೋಯಿತು. ಮತ್ತೆ ಮತ್ತೆ ಹಚ್ಚಿದರೂ ಅಷ್ಟೇ. ಅನಿಲದಲ್ಲಿ ಬಹುಪಾಲು ನೈಟ್ರೋಜನ್ ಇತ್ತು. 1905ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯದ ಕೇಡಿ ಮತ್ತು ಮ್ಯಾಕ್‌ಫಾರ್ಲೆಂಡ್ ಅದರಲ್ಲಿ ಶೇಕಡಾ ಎರಡಕ್ಕಿಂತ ತುಸು ಕಡಿಮೆ ಹೀಲಿಯಂ ಇರುವುದನ್ನು ಕಂಡರು. ಇಡೀ ಊರಿನ ಮುಖ ಸಪ್ಪೆ ಮಾಡಿದ ಆ 'ಸುಡದ ಗಾಳಿ' ಮುಂದೆ ಒಂದು ದೇಶದ ಹಿಡಿತವಾಯಿತು. 1925ರಲ್ಲಿ ಅಮೆರಿಕ ಟೆಕ್ಸಾಸಿನ ಅಮರಿಲೊ ಬಳಿ ರಾಷ್ಟ್ರೀಯ ಹೀಲಿಯಂ ಸಂಗ್ರಹ ಆರಂಭಿಸಿತು, 1927ರಲ್ಲಿ ರಫ್ತು ತಡೆಯಿತು. ಹಿಂಡನ್‌ಬರ್ಗ್‌ನ ವಿನ್ಯಾಸ ಹೀಲಿಯಂಗೆಂದೇ ಆಗಿತ್ತು. ಹೀಲಿಯಂ ಸಿಗದೆ ಹೈಡ್ರೋಜನ್ ತುಂಬಿದರು, 1937ರ ಮೇ 6ರಂದು 36 ಜೀವ ಹೋದವು. ನಮ್ಮ ಲೇಖನಗಳು ಪೀಠಿಕೆಯಲ್ಲಿ ಬೆಂಕಿಯನ್ನು ತೋರಿಸುತ್ತವೆ, ಆ ಬೆಂಕಿಯ ಹಿಂದಿದ್ದ ಬೀಗವನ್ನು ತೋರಿಸುವುದಿಲ್ಲ. ಹಾಗೆಂದು ಬೀಗ ಹಾಕಿದವರನ್ನು ಸುಮ್ಮನೆ ಬೈಯುವಂತೆಯೂ ಇಲ್ಲ. ಬಾಲದ ಮೇಲೆ ಸ್ವಸ್ತಿಕ ಬರೆದುಕೊಂಡಿದ್ದ ನೌಕೆ ಅದು.

ಬೀಗ ಇವತ್ತೂ ಇದೆ, ಕೈ ಬದಲಾಗಿದೆ. 2017ರಲ್ಲಿ ನೆರೆ ದೇಶಗಳು ಕತಾರ್‌ಗೆ ದಿಗ್ಬಂಧನ ಹಾಕಿದಾಗ ಜಗತ್ತಿನ ಕಾಲು ಭಾಗಕ್ಕೂ ಹೆಚ್ಚು ಹೀಲಿಯಂ ಕೆಲಕಾಲ ನಿಂತಿತು. ಅಮೆರಿಕದ ಸರ್ಕಾರಿ ಸಂಗ್ರಹ 2024ರಲ್ಲಿ ಮೆಸ್ಸರ್ ಎಂಬ ಖಾಸಗಿ ಕಂಪನಿಯ ಪಾಲಾಯಿತು. ನಮ್ಮ ದೇಶ ಆಮದನ್ನೇ ನಂಬಿದೆ.

ಈಗ ಲೆಕ್ಕ. ಸಮುದ್ರಮಟ್ಟದಲ್ಲಿ ಒಂದು ಘನಮೀಟರ್ ಹೀಲಿಯಂ ಎತ್ತುವುದು ಹೆಚ್ಚುಕಡಿಮೆ ಒಂದು ಕಿಲೋ. ಕಾರವಾರದಲ್ಲಿ ಎತ್ತಿದಷ್ಟನ್ನು ಅದು ಏಳುನೂರು ಮೀಟರ್ ಎತ್ತರದ ಧಾರವಾಡದಲ್ಲಿ ಎತ್ತುವುದಿಲ್ಲ, ಗಾಳಿ ತೆಳುವಾಗಿ ಶೇಕಡಾ ಆರೇಳರಷ್ಟು ಕಡಿಮೆಯಾಗುತ್ತದೆ. ಏಪ್ರಿಲ್ ಬಿಸಿಲಿಗೆ ಇನ್ನಷ್ಟು ಇಳಿಯುತ್ತದೆ. ಫ್ರಾನ್ಸಿನ ಫ್ಲೈಯಿಂಗ್ ವೇಲ್ಸ್ ಯೋಜಿಸಿರುವ 200 ಮೀಟರ್‌ನ ನೌಕೆ 60 ಟನ್ ಸರಕಿಗೆ 1,80,000 ಘನಮೀಟರ್ ಹೀಲಿಯಂ ಕೇಳುತ್ತದೆ. ಅಂದರೆ ಎತ್ತುವ ಬಲದ ಮೂರನೇ ಎರಡು ಪಾಲು ನೌಕೆ ತನ್ನನ್ನು ತಾನೇ ಎತ್ತಿಕೊಳ್ಳುವುದಕ್ಕೆ ಖರ್ಚು. ಇಷ್ಟು ಅನಿಲವನ್ನು ದ್ರವವಾಗಿಸಿದರೆ ಸುಮಾರು 2,40,000 ಲೀಟರ್. ಹಳೆಯ ಮಾದರಿಯ ಒಂದು ಎಂ.ಆರ್.ಐ. ಯಂತ್ರದ ಅಯಸ್ಕಾಂತವನ್ನು ತಂಪಾಗಿಡಲು 1,500ರಿಂದ 2,000 ಲೀಟರ್ ಬೇಕು. ನೂರಕ್ಕೂ ಹೆಚ್ಚು ಯಂತ್ರಗಳ ಪಾಲು ಒಂದೇ ಹೊಟ್ಟೆಯಲ್ಲಿ.

ಭೌತಶಾಸ್ತ್ರದ ಗೆಳೆಯನೊಬ್ಬ ಇದನ್ನು ಓದಿ, "ಏ, ನೀ ಒಂದs ಮಗ್ಗಲಾ ಬರದೀದಿ" ಎಂದ. ಅವನ ಮಾತಿನಲ್ಲಿ ಹುರುಳಿದೆ. ನೌಕೆ ಹೀಲಿಯಂ ಅನ್ನು ಸುಡುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ಸೋರಿದ್ದನ್ನು ಮಾತ್ರ ತುಂಬಬೇಕು. ಏಳೇ ಲೀಟರ್ ಹೀಲಿಯಂನಲ್ಲಿ ನಡೆಯುವ ಎಂ.ಆರ್.ಐ. ಯಂತ್ರಗಳೂ ಬಂದಿವೆ. ಹುಟ್ಟುಹಬ್ಬದ ಬಲೂನಿಗೆ ತುಂಬಿ ಬಿಟ್ಟುಬಿಡುವುದಕ್ಕಿಂತ ನೌಕೆಯೇ ವಾಸಿ. ಇದನ್ನೆಲ್ಲ ಒಪ್ಪಿ, ನೌಕೆ ಬೇಕು ಎಂದೇ ವಾದಿಸುವ ಲೇಖನ ಕನ್ನಡದಲ್ಲಿ ಬಂದರೆ ನಾನು ಸಂತೋಷದಿಂದ ಓದುತ್ತೇನೆ. ಆ ವಾದ ಅನಿಲದ ಲೆಕ್ಕ ಕೊಟ್ಟು ನಡೆಯಲಿ ಎಂಬುದಷ್ಟೇ ನನ್ನ ಬೇಡಿಕೆ.

2025ರ ಮೇ 3ರಂದು ಡಿಆರ್‌ಡಿಒ ಮಧ್ಯಪ್ರದೇಶದ ಶಿಯೋಪುರದಿಂದ ವಾಯುನೌಕೆಯೊಂದನ್ನು ಸುಮಾರು 17 ಕಿಲೋಮೀಟರ್ ಎತ್ತರಕ್ಕೆ ಕಳಿಸಿತು. ಹಾರಾಟ 62 ನಿಮಿಷ. ಸುದ್ದಿಯಲ್ಲಿ ಎದ್ದು ಕಂಡದ್ದು ಈ ಎರಡು ಅಂಕಿಗಳು. ಅದರ ಹೊಟ್ಟೆಯಲ್ಲಿ ಎಷ್ಟು ಘನಮೀಟರ್ ಇತ್ತು, ಯಾವ ದೇಶದ ನೆಲದಿಂದ ಬಂದಿತ್ತು ಎಂದು ನಾನು ಆ ವಾರ ಕೇಳಿದವರೆಲ್ಲ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: "ಅದು ಯಾಕ ಬೇಕು?"