ಎರಡು ತೀರ್ಪುಗಳ ನಡುವೆ ನಿಕೊಲಾಸ್ ಸ್ಟೆನೋ

ವಿಜ್ಞಾನದ ಚರಿತ್ರೆಯನ್ನು ಬರೆಯುವವರು ನಿಕೊಲಾಸ್ ಸ್ಟೆನೋನ ವಿಷಯಕ್ಕೆ ಬಂದಾಗ ಆತನ ಬಾಳಿನ ಮೊದಲ ಮೂವತ್ತು ವರ್ಷಗಳನ್ನು ಕೊಂಡಾಡಿ, ಉಳಿದುದನ್ನು ಒಂದು ನಿಟ್ಟುಸಿರಿನಲ್ಲಿ ಮುಗಿಸಿಬಿಡುವುದು ವಾಡಿಕೆ. ಧರ್ಮದ ಕಡೆಯಿಂದ ಬರೆಯುವವರು ಕೊನೆಯ ಹತ್ತು ವರ್ಷಗಳನ್ನು ಹಿಡಿದುಕೊಂಡು, ಮೊದಲಿನದನ್ನೆಲ್ಲ ಪೀಠಿಕೆಯೆಂದು ಎಣಿಸುತ್ತಾರೆ. ಒಂದೇ ಬಾಳನ್ನು ಹೀಗೆ ಎರಡು ಹೋಳು ಮಾಡಿ ಹಂಚಿಕೊಂಡುದರಿಂದ ಮನುಷ್ಯನು ಯಾರ ಕೈಗೂ ಸಿಕ್ಕಲಿಲ್ಲ.

ಸ್ಟೆನೋ 1638ರಲ್ಲಿ ಕೋಪನ್‌ಹೇಗನ್ನಿನ ಅಕ್ಕಸಾಲಿಗನೊಬ್ಬನ ಮಗನಾಗಿ, ಲೂಥರನ ಪಂಥದಲ್ಲಿ ಹುಟ್ಟಿದವನು. ಇಪ್ಪತ್ತೆರಡರ ಹರೆಯದಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಕುರಿಯ ತಲೆಯೊಂದನ್ನು ಕೊಯ್ದು ನೋಡುತ್ತಿದ್ದಾಗ ಜೊಲ್ಲಿನ ನಾಳವೊಂದು ಆತನ ಕಣ್ಣಿಗೆ ಬಿತ್ತು. ಅದಕ್ಕೆ ಇಂದಿಗೂ ಆತನ ಹೆಸರಿದೆ. ಹೃದಯವೂ ಒಂದು ಸ್ನಾಯುವೇ ಎಂದು ಆತ ತೋರಿಸಿಕೊಟ್ಟ. 1665ರಲ್ಲಿ ಪ್ಯಾರಿಸ್ಸಿನ ವಿದ್ವಾಂಸರೆದುರು ಮೆದುಳನ್ನು ಕುರಿತು ಮಾತನಾಡಬೇಕಾದಾಗ, ಅದರ ಬಗ್ಗೆ ತನಗೇನೂ ತಿಳಿಯದೆಂಬ ಒಪ್ಪಿಗೆಯಿಂದಲೇ ಆರಂಭಿಸಿದ. ಮಹಾಮೇಧಾವಿ ಡೆಕಾರ್ಟನ ವಿವರಣೆಯು ಕೊಯ್ದು ಕಂಡುದಕ್ಕೆ ಹೊಂದುವುದಿಲ್ಲವೆಂದು ನಿರ್ದಾಕ್ಷಿಣ್ಯವಾಗಿ ಹೇಳಿದ.

1666ರಲ್ಲಿ ಇಟಲಿಯ ಲಿವೋರ್ನೋ ಬಳಿ ಹಿಡಿದ ಭಾರಿ ಶಾರ್ಕ್ ಮೀನಿನ ತಲೆಯನ್ನು ಟಸ್ಕನಿಯ ದೊರೆ ಸ್ಟೆನೋನ ಬಳಿಗೆ ಕಳುಹಿಸಿದ. ಅದರ ಹಲ್ಲುಗಳಿಗೂ, ಬಂಡೆಗಳಲ್ಲಿ ಸಿಕ್ಕುವ 'ನಾಲಿಗೆ ಕಲ್ಲು'ಗಳಿಗೂ ಇರುವ ಹೋಲಿಕೆಯಿಂದ ಆತನ ವಿಚಾರ ಬೆಳೆಯಿತು. ಆ ಕಲ್ಲುಗಳು ಒಂದು ಕಾಲದ ಮೀನಿನ ಹಲ್ಲುಗಳೇ. ಅವನ್ನು ಹೊತ್ತ ನೆಲ ಒಮ್ಮೆ ನೀರಿನಡಿಯಲ್ಲಿತ್ತು. ಪದರಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು. ಇದನ್ನು ಹೇಳುವ ಆತನ ಪುಸ್ತಕ ನೂರು ಪುಟವೂ ಇಲ್ಲದ ಒಂದು ಮುನ್ನುಡಿ. ಅದು ಯಾವುದಕ್ಕೆ ಮುನ್ನುಡಿಯೋ ಆ ದೊಡ್ಡ ಗ್ರಂಥ ಬರಲೇ ಇಲ್ಲ.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಸ್ಟೆನೋ ಕ್ಯಾಥೊಲಿಕನಾದುದು 1667ರಲ್ಲಿ, ಈ ಪುಸ್ತಕ ಅಚ್ಚಾದುದು 1669ರಲ್ಲಿ. ಎಂದರೆ ಆತನ ಅತ್ಯುತ್ತಮ ಕೃತಿ ಮತಾಂತರದ ಅನಂತರದ್ದು. ಮತವು ವಿಜ್ಞಾನಿಯನ್ನು ನುಂಗಿತೆಂಬ ಕಥೆ ತಾರೀಖುಗಳ ಮುಂದೆ ನಿಲ್ಲುವುದಿಲ್ಲ. ದೊಡ್ಡ ವಿಜ್ಞಾನಿಯೊಬ್ಬ ಸಾಧಾರಣ ದೇವತಾಶಾಸ್ತ್ರಜ್ಞನಾದನೆಂದು ಲೈಬ್ನಿಟ್ಸ್ ಮರುಗಿದ. ಮತಚರ್ಚೆಯ ಬರಹಗಳ ಮಟ್ಟಿಗೆ ಆ ಮಾತು ಸರಿಯಿರಬಹುದು. ಆದರೆ ಬಿಷಪ್ಪನನ್ನು ಅಳೆಯಬೇಕಾದುದು ಆತನ ಬರಹದಿಂದಲ್ಲ, ಕೆಲಸದಿಂದ.

1675ರಲ್ಲಿ ಪಾದ್ರಿಯಾಗಿ, 1677ರಲ್ಲಿ ಬಿಷಪ್ಪನಾಗಿ, ಹ್ಯಾನೋವರಿನಲ್ಲಿ ಕೆಲಕಾಲವಿದ್ದು, 1680ರಲ್ಲಿ ಆತ ಜರ್ಮನಿಯ ಮ್ಯೂನ್‌ಸ್ಟರಿಗೆ ಸಹಾಯಕ ಬಿಷಪ್ಪನಾಗಿ ಬಂದ. ಆಗ ಜರ್ಮನಿಯ ಅನೇಕ ಬಿಷಪ್ಪರು ನಾಡನ್ನಾಳುವ ದೊರೆಗಳೂ ಆಗಿದ್ದರು. ಮ್ಯೂನ್‌ಸ್ಟರಿನ ಫರ್ಡಿನಾಂಡ್ ಫಾನ್ ಫ್ಯೂರ್‌ಸ್ಟೆನ್‌ಬರ್ಗ್ ಪಾಡರ್‌ಬೋರ್ನಿನ ಬಿಷಪ್ಪನೂ ಹೌದು. ವಿದ್ವಾಂಸ, ಲ್ಯಾಟಿನ್ ಕವಿ. ಇಂತಹ ಪೀಠಗಳಲ್ಲಿ ಪಾದ್ರಿಗಳಿಗೆ ದೀಕ್ಷೆ ಕೊಡುವುದು, ಮಕ್ಕಳಿಗೆ ದೃಢೀಕರಣ ಸಂಸ್ಕಾರ ಮಾಡುವುದು, ಹಳ್ಳಿಯ ಚರ್ಚುಗಳನ್ನು ಸುತ್ತುವುದು, ಇವೆಲ್ಲ ಸಹಾಯಕನ ಪಾಲಿಗೆ ಬೀಳುತ್ತಿದ್ದವು. ಅಧಿಕಾರ ದೊರೆಯದು, ದುಡಿಮೆ ಸಹಾಯಕನದು. ಹೆಸರಿಗೆ ಸ್ಟೆನೋ ಏಷ್ಯಾ ಮೈನರಿನ ಟಿಟಿಯೊಪೊಲಿಸ್ ಎಂಬ ಅಳಿದುಹೋದ ಪಟ್ಟಣದ ಬಿಷಪ್ಪ. ತನ್ನದೆನ್ನಲು ಆತನಿಗೆ ಒಂದು ಪೀಠವೂ ಇರಲಿಲ್ಲ.

ಕೊಯ್ದು ನೋಡದೆ ನಂಬಲಾರದ ಹಳೆಯ ಸ್ಟೆನೋನನ್ನು ನಾವು ಇಲ್ಲಿ ಮತ್ತೆ ಕಾಣುತ್ತೇವೆ. ಊರೂರು ತಿರುಗಿ, ಪಾದ್ರಿಗಳ ನಡತೆಯನ್ನು ಕಣ್ಣಾರೆ ಕಂಡು, ಯೋಗ್ಯರಲ್ಲದವರಿಗೆ ದೀಕ್ಷೆಯನ್ನು ನಿರಾಕರಿಸಿದ. ಮೈಮೇಲಿನ ಬೆಲೆಬಾಳುವ ವಸ್ತುಗಳನ್ನು ಮಾರಿ ಬಡವರಿಗೆ ಹಂಚಿದ. ಚರ್ಚಿನ ಹುದ್ದೆಗಳನ್ನು ಆದಾಯದ ಮೂಲವೆಂದು ತಿಳಿದಿದ್ದವರಿಗೆ ಆತ ಬೇಡವಾದುದು ಸಹಜವೇ. 1683ರಲ್ಲಿ ಫರ್ಡಿನಾಂಡ್ ತೀರಿಕೊಂಡಾಗ ಉತ್ತರಾಧಿಕಾರಿಯ ಚುನಾವಣೆಯಲ್ಲಿ ಹಣ ಓಡಾಡಿತು. ಆ ಸಂದರ್ಭದ ಪೂಜೆಯನ್ನು ನಡೆಸಲೊಲ್ಲದೆ ಸ್ಟೆನೋ ಮ್ಯೂನ್‌ಸ್ಟರನ್ನು ಬಿಟ್ಟು ಹ್ಯಾಂಬರ್ಗಿಗೆ ಹೊರಟ. ಅಲ್ಲಿಂದ ಷ್ವೆರಿನ್ನಿಗೆ ಹೋಗಿ, 1686ರಲ್ಲಿ, ನಲವತ್ತೆಂಟರ ವಯಸ್ಸಿನಲ್ಲಿ ಬರಿಗೈಯವನಾಗಿ ಸತ್ತ. 1988ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಆತನನ್ನು ಧನ್ಯರ ಸಾಲಿಗೆ ಸೇರಿಸಿದರು.

ಇಷ್ಟಕ್ಕೇ ನಿಲ್ಲಿಸಿದರೆ ನಮ್ಮದೂ ಭಕ್ತರ ಬರಹವಾದೀತು. ಲೈಡನ್ನಿನ ದಿನಗಳಲ್ಲಿ ತತ್ತ್ವಜ್ಞಾನಿ ಸ್ಪಿನೋಜಾ ಸ್ಟೆನೋನಿಗೆ ಆಪ್ತನಾಗಿದ್ದ. ಸ್ಪಿನೋಜಾ ತೀರಿಕೊಂಡ ವರ್ಷವೇ, 1677ರಲ್ಲಿ, ಆತನ 'ಎಥಿಕ್ಸ್' ಗ್ರಂಥದ ಕೈಬರಹವೊಂದು ರೋಮಿನಲ್ಲಿ ಸ್ಟೆನೋನ ಕೈಗೆ ಬಂತು. ಗ್ರಂಥ ಇನ್ನೂ ಅಚ್ಚಾಗಿರಲಿಲ್ಲ. ಸ್ಟೆನೋ ಅದರ ವಿಚಾರಗಳ ಮೇಲೆ ಧರ್ಮವಿಚಾರಣಾ ಮಂಡಲಿಗೆ ದೂರು ಬರೆದುಕೊಟ್ಟ. ಸೆಪ್ಟೆಂಬರ್ ತಿಂಗಳಲ್ಲಿ, ಬಿಷಪ್ ದೀಕ್ಷೆ ಪಡೆದ ಕೆಲವೇ ದಿನಗಳಲ್ಲಿ, ಕೈಬರಹವನ್ನೂ ಒಪ್ಪಿಸಿದ. ಮುಂದೆ ಸ್ಪಿನೋಜಾನ ಕೃತಿಗಳು ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿದವು. ಆ ಕೈಬರಹ ವ್ಯಾಟಿಕನ್ನಿನ ಗ್ರಂಥಭಂಡಾರದಲ್ಲಿ ದೊರೆತು 2011ರಲ್ಲಿ ಪ್ರಕಟವಾಯಿತು. 'ಎಥಿಕ್ಸ್'ನ ಕೈಬರಹಗಳಲ್ಲಿ ಉಳಿದಿರುವುದು ಅದೊಂದೇ.

ಭಕ್ತರು ಈ ಪ್ರಸಂಗವನ್ನು ಮೆಲ್ಲಗೆ ದಾಟಿಸುತ್ತಾರೆ. ವಿಜ್ಞಾನದ ಅಭಿಮಾನಿಗಳು ಇದನ್ನು ಎರಡನೆಯ ಸ್ಟೆನೋನ ತಲೆಗೆ ಕಟ್ಟುತ್ತಾರೆ. ಇಬ್ಬರು ಸ್ಟೆನೋಗಳು ಎಂದೂ ಇರಲಿಲ್ಲ. ನಿಜವೆಂದು ಮನಗಂಡ ಮೇಲೆ ಯಾರ ಮುಖವನ್ನೂ ನೋಡದ ಸ್ವಭಾವ ಆತನದು. ಡೆಕಾರ್ಟನನ್ನು ಅಲ್ಲಗಳೆದುದೂ, ಮ್ಯೂನ್‌ಸ್ಟರಿನ ಪೀಠವನ್ನು ತೊರೆದುದೂ, ಗೆಳೆಯನ ಗ್ರಂಥವನ್ನು ವಿಚಾರಣೆಗೆ ಒಪ್ಪಿಸಿದುದೂ ಅದೇ ಸ್ವಭಾವ. ಮೆದುಳಿನ ಮುಂದೆ 'ತಿಳಿಯದು' ಎಂದವನಿಗೆ ಸ್ಪಿನೋಜಾನ ಮುಂದೆ ಆ ಮಾತು ಬರಲಿಲ್ಲ. ನಿಷ್ಠೆಯ ಜೊತೆಗೆ ಸಂದೇಹವೂ ಇದ್ದಾಗ ಆತ ದೊಡ್ಡವನು. ನಿಷ್ಠೆಯೊಂದೇ ಉಳಿದಾಗ ಕಠಿಣನು. ಆತನನ್ನು ಹೊಗಳುವವರೂ ತೆಗಳುವವರೂ ಈ ಎರಡನ್ನೂ ಒಟ್ಟಿಗೆ ನೋಡದ ಹೊರತು ಆತನ ನಿಜವಾದ ಜೀವನಚರಿತ್ರೆ ಬರೆದಂತಾಗುವುದಿಲ್ಲ.