ಹೆಸರುಗಳ ಸಾಕ್ಷ್ಯ: ಹೋಗನ್ ಅವರ ಐರಿಷ್ ಸ್ಥಳನಾಮಕೋಶ

ಯೇಸುಸಭೆಯ ಪಾದ್ರಿ ಎಡ್ಮಂಡ್ ಹೋಗನ್ ಅವರ ‘ಓನೊಮಾಸ್ಟಿಕಾನ್ ಗೊಯ್ಡೆಲಿಕುಮ್’ 1910ರಲ್ಲಿ ಪ್ರಕಟವಾಯಿತು. ಐರಿಷ್ ಹಾಗೂ ಲ್ಯಾಟಿನ್ ದಾಖಲೆಗಳಲ್ಲಿ ಬರುವ ಗೇಲಿಕ್ ಊರುಗಳ ಮತ್ತು ಕುಲಗಳ ಹೆಸರುಗಳನ್ನು ಅದು ಅಕಾರಾದಿಯಾಗಿ ಜೋಡಿಸುತ್ತದೆ. ಸಭಾಚರಿತ್ರೆಯ ವಿದ್ಯಾರ್ಥಿಗಳು ಇದನ್ನು ಭೂಗೋಳದ ಕೈಪಿಡಿಯೆಂದು ಬದಿಗಿಡಬಾರದೆಂಬುದು ನಮ್ಮ ಅಭಿಪ್ರಾಯ.

ಐರ್ಲೆಂಡಿನ ಅನೇಕ ಊರುಗಳ ಹೆಸರು ‘ಕಿಲ್’ ಎಂದು ಆರಂಭವಾಗುತ್ತದೆ. ಲ್ಯಾಟಿನಿನ ‘ಚೆಲ್ಲಾ’ದಿಂದ ಬಂದ ‘ಕಿಲ್’ ಎಂದರೆ ದೇವಾಲಯ. ಕಿಲ್ಡೇರ್ ಎಂದರೆ ಓಕ್ ಮರದ ದೇವಾಲಯ. ಆದರೆ ಕಾಡು ಎಂಬರ್ಥದ ‘ಕೊಯಿಲ್’ ಕೂಡ ಇಂಗ್ಲಿಷ್ ಬರಹದಲ್ಲಿ ‘ಕಿಲ್’ ಆಗಿದೆ. ಇಂದಿನ ನಕ್ಷೆಯನ್ನೇ ನಂಬಿದವನು ಕಾಡಿದ್ದಲ್ಲಿ ದೇವಾಲಯವನ್ನು ಕಟ್ಟಿಬಿಡುತ್ತಾನೆ. ಆದ್ದರಿಂದಲೇ 1830ರ ದಶಕದಲ್ಲಿ ಭೂಮಾಪನ ಇಲಾಖೆಗಾಗಿ ದುಡಿದ ಜಾನ್ ಓಡೊನೊವನ್ ಹಳ್ಳಿಗರ ಉಚ್ಚಾರಣೆಯನ್ನು ಹಳೆಯ ದಾಖಲೆಗಳೊಡನೆ ಹೋಲಿಸಿ ನೋಡಿದರು.

ಹಳೆಯ ದಾಖಲೆಯೂ ನಿಷ್ಪಕ್ಷಪಾತಿಯಲ್ಲ. ಸಂತ ಪ್ಯಾಟ್ರಿಕ್ ತಮ್ಮ ‘ಕೊನ್ಫೆಸ್ಸಿಯೊ’ದಲ್ಲಿ ಐರ್ಲೆಂಡಿನ ಒಂದೇ ಸ್ಥಳವನ್ನು ಹೆಸರಿಸುತ್ತಾರೆ: ಪಶ್ಚಿಮ ಸಮುದ್ರದ ಬಳಿಯ ವೊಕ್ಲುತ್ ಕಾಡು. ಏಳನೆಯ ಶತಮಾನದ ಬಿಷಪ್ ತೀರೆಹಾನ್ ಅದನ್ನು ವಾಯವ್ಯದ ಇಂದಿನ ಮೇಯೊ ಸೀಮೆಯಲ್ಲಿ ಗುರುತಿಸಿದರು. ಆದರೆ ಸಂತರ ದಾಸತ್ವವನ್ನು ಪರಂಪರೆಯು ಈಶಾನ್ಯದ ಸ್ಲೆಮಿಷ್ ಬೆಟ್ಟಕ್ಕೆ ಸೇರಿಸಿದೆ. ಮೇಲಾಗಿ, ತೀರೆಹಾನರು ಪಟ್ಟಿಮಾಡಿದ ದೇವಾಲಯಗಳು ಆರ್ಮಾ ಪೀಠದ ಹಕ್ಕುಸಾಧನೆಗೆ ಆಧಾರವಾದವು. ಅಲ್ಲಿ ಒಂದು ಊರನ್ನು ಹೆಸರಿಸುವುದೆಂದರೆ ಅದರ ಮೇಲೆ ಅಧಿಕಾರವನ್ನು ಕೇಳುವುದೂ ಆಗಿತ್ತು.

ತೀರೆಹಾನರ ಗ್ರಂಥವುಳ್ಳ ‘ಆರ್ಮಾ ಪುಸ್ತಕ’ದ ಪ್ಯಾಟ್ರಿಕ್ ದಾಖಲೆಗಳನ್ನು ಹಿಂದೆ ಸಂಪಾದಿಸಿದವರೂ ಹೋಗನ್ ಅವರೇ. ಆದರೂ ಅವರ ಕೋಶದಲ್ಲಿ ಬೇರೆಬೇರೆ ಶತಮಾನಗಳ ಸಾಕ್ಷಿಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ; ಯಾವ ಸಾಕ್ಷಿ ಯಾರ ಪರವಾಗಿ ನುಡಿಯುತ್ತದೆಂದು ತೂಗುವ ಹೊಣೆ ಓದುಗನದು. ಇದು ಗ್ರಂಥದ ದೊಡ್ಡ ಕೊರತೆ. ನೆಲೆ ತಿಳಿಯದ ಹೆಸರುಗಳನ್ನೂ ಕೈಬಿಡದೆ ಉಳಿಸಿಕೊಂಡದ್ದು ಅದರ ದೊಡ್ಡ ಗುಣ.

ಎಮ್ಮಾಹುವಿನ ವಿಷಯದಲ್ಲಿಯೂ ನಮಗೆ ಇದೇ ಶಿಸ್ತು ಬೇಕು. ಲೂಕನ ಹಸ್ತಪ್ರತಿಗಳಲ್ಲಿ ಕೆಲವು ಆ ಊರಿನ ದೂರವನ್ನು 60 ಸ್ತಾದಿಯೆಂದೂ ಕೆಲವು 160 ಎಂದೂ ಹೇಳುತ್ತವೆ. ಅದರ ನೆಲೆಯ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಊರು ಸಿಗದಿದ್ದರೆ ಪುನರುತ್ಥಾನದ ಸಾಕ್ಷಿ ಕುಂದುವುದಿಲ್ಲ. ಆದರೆ ಸಿಗದ ಊರನ್ನು ಸಿಕ್ಕಿತೆಂದು ಪೀಠದಿಂದ ಸಾರಿದರೆ, ಸತ್ಯಕ್ಕೆ ಸಾಕ್ಷಿಗಳಾಗಲು ಕರೆಯಲ್ಪಟ್ಟ ನಮ್ಮ ಮಾತೇ ಕುಂದುತ್ತದೆ.